ವೈದ್ಯಕೀಯ ಸಂಶೋಧನೆಗಾಗಿ ಸಾಹಿತ್ಯ ಶೋಧ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಸಾಹಿತ್ಯವೆಂದರೆ ಕಥೆ, ಕಾವ್ಯವಲ್ಲ. ಒಂದು ವೈದ್ಯಕೀಯ ಪ್ರಶ್ನೆಯ ಬಗ್ಗೆ ಈವರೆಗೆ ನಡೆದಿರುವ ಅಧ್ಯಯನಗಳ ಲಿಖಿತ ದಾಖಲೆ. ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್ ಎಂಬ ತಾಣದಲ್ಲಿ ನಾಲ್ಕು ಪದ ಹಾಕಿ ಮೊದಲ ಪುಟದ ಲೇಖನಗಳನ್ನು ಓದುವಷ್ಟು ಅಭ್ಯಾಸ ಈಗಾಗಲೇ ಇದ್ದು, ಅದರಿಂದ ಮುಂದಕ್ಕೆ ಹೋಗಬೇಕಾಗಿರುವ ಸ್ನಾತಕೋತ್ತರ ವಿದ್ಯಾರ್ಥಿಗಳು, ವೈದ್ಯರು ಮತ್ತು ಶುಶ್ರೂಷಾ ಸಂಶೋಧಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ತೆಗೆದುಕೊಳ್ಳಲಾಗಿದೆ. ಬೇಕಾದಲ್ಲೆಲ್ಲ ಒಂದೇ ಉದಾಹರಣೆಯನ್ನು ಬಳಸಿದ್ದೇನೆ: ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಉಂಟಾಗಿರುವ ಗರ್ಭಿಣಿಯರಲ್ಲಿ, ರಕ್ತನಾಳದ ಮೂಲಕ ಕೊಡುವ ಕಬ್ಬಿಣವು ಮಾತ್ರೆಗಿಂತ ಹೆಚ್ಚಾಗಿ ಹಿಮೋಗ್ಲೋಬಿನ್ ಏರಿಸುತ್ತದೆಯೇ?

ಗೂಗಲ್‌ನಲ್ಲಿಯೇ ಎಲ್ಲವೂ ಸಿಗುವಾಗ ಇದನ್ನು ಬೇರೆಯಾಗಿ ಕಲಿಯಬೇಕೇ?

ಏನಾದರೊಂದು ಸಿಕ್ಕರೆ ಸಾಕು ಎನ್ನುವವರಿಗೆ ಬೇಕಾಗಿಲ್ಲ. ಆದರೆ ಸಂಶೋಧಕನ ತೊಂದರೆ ಬೇರೆಯದು. ಸಿಕ್ಕಿದ ಲೇಖನ ಕಣ್ಣೆದುರು ಇರುತ್ತದೆ. ಸಿಗದೆ ಹೋದದ್ದು ಎಷ್ಟು, ಅದು ಏನು ಹೇಳುತ್ತಿತ್ತು ಎಂಬುದು ಪರದೆಯ ಮೇಲೆ ಎಂದೂ ಕಾಣುವುದಿಲ್ಲ. ಆ ಕಾಣದ ಭಾಗವನ್ನು ಕಡಿಮೆ ಮಾಡುವುದಕ್ಕೂ, ಅದು ಎಷ್ಟಿರಬಹುದೆಂದು ಅಂದಾಜು ಮಾಡುವುದಕ್ಕೂ ಬೇಕಾದ ಕೌಶಲವನ್ನೇ ನಾನು ಮುಂದುವರಿದ ಶೋಧ ಎಂದು ಕರೆಯುತ್ತೇನೆ.

2001ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ನಡೆದ ಅಸ್ತಮಾ ಸಂಬಂಧಿತ ಅಧ್ಯಯನವೊಂದರಲ್ಲಿ, ಹೆಕ್ಸಾಮೆಥೋನಿಯಂ ಎಂಬ ಔಷಧವನ್ನು ಉಸಿರಿನ ಮೂಲಕ ತೆಗೆದುಕೊಂಡ 24 ವರ್ಷದ ಆರೋಗ್ಯವಂತ ಸ್ವಯಂಸೇವಕಿಯೊಬ್ಬರು ಶ್ವಾಸಕೋಶದ ಹಾನಿಯಿಂದ ತೀರಿಕೊಂಡರು. ಆ ಗುಂಪಿನ ಔಷಧಗಳಿಗೂ ಶ್ವಾಸಕೋಶದ ಹಾನಿಗೂ ನಂಟಿರಬಹುದೆಂದು ಸೂಚಿಸುವ ವರದಿಗಳು 1950ರ ದಶಕದಲ್ಲಿಯೇ ಪ್ರಕಟವಾಗಿದ್ದವು. ಆದರೆ ಆಗ ಪಬ್‌ಮೆಡ್‌ನ ಹುಡುಕಾಟ ಹಿಂದಕ್ಕೆ ಹೋಗುತ್ತಿದ್ದುದು 1966ರವರೆಗೆ ಮಾತ್ರ. ಯಾವ ಸಾಧನದಲ್ಲಿ ಹುಡುಕುತ್ತೇವೆಯೋ ಅದರ ಗಡಿ ಎಲ್ಲಿದೆ ಎಂಬುದನ್ನು ತಿಳಿಯದೆ ಹುಡುಕಿದರೆ ಏನಾಗಬಹುದು ಎಂಬುದಕ್ಕೆ ಈ ಪ್ರಕರಣವನ್ನು ಇಂದಿಗೂ ಗ್ರಂಥಪಾಲಕರು ಎತ್ತಿ ಹೇಳುತ್ತಾರೆ.

ಇನ್ನೊಂದು ಉದಾಹರಣೆಯಲ್ಲಿ ಒಬ್ಬರ ತಪ್ಪೆಂದು ಬೆರಳು ತೋರಿಸುವುದು ಕಷ್ಟ. ಹೃದಯ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ತಗ್ಗಿಸಲು ಬಳಸುತ್ತಿದ್ದ ಅಪ್ರೊಟಿನಿನ್ ಕುರಿತು 1987ರಿಂದ 2002ರವರೆಗೆ 64 ಯಾದೃಚ್ಛಿಕ ಪ್ರಯೋಗಗಳು (ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗಗಳು) ಪ್ರಕಟವಾದವು. 2005ರಲ್ಲಿ ಅವುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ರಕ್ತ ಮರುಪೂರಣದ ಅಗತ್ಯವನ್ನು ಔಷಧವು ಕಡಿಮೆ ಮಾಡುತ್ತದೆ ಎಂಬುದು 1992ರ ಹೊತ್ತಿಗೆ, ಹನ್ನೆರಡನೆಯ ಪ್ರಯೋಗದ ವೇಳೆಗೇ ಖಚಿತವಾಗಿತ್ತೆಂದು ಕಂಡುಬಂದಿತು. ಅನಂತರ ಬಂದ ಪ್ರಯೋಗಗಳ ಲೇಖಕರು ತಮಗಿಂತ ಮೊದಲಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಐದನೆಯ ಒಂದು ಪಾಲನ್ನಷ್ಟೇ ಉಲ್ಲೇಖಿಸಿದ್ದರು.

ಹುಡುಕುವ ಮೊದಲು ಪ್ರಶ್ನೆಯನ್ನು ಹೇಗೆ ಸಿದ್ಧಪಡಿಸಬೇಕು?

ಪೈಕೋ ಎಂಬ ಚೌಕಟ್ಟು 1995ರಿಂದ ಬಳಕೆಯಲ್ಲಿದೆ: ರೋಗಿಗಳು ಯಾರು, ಚಿಕಿತ್ಸೆ ಯಾವುದು, ಯಾವುದಕ್ಕೆ ಹೋಲಿಸುತ್ತಿದ್ದೇವೆ, ಫಲಿತಾಂಶ ಏನು. ನಮ್ಮ ಉದಾಹರಣೆಯಲ್ಲಿ ಇವು ಕ್ರಮವಾಗಿ ಕಬ್ಬಿಣದ ಕೊರತೆಯ ರಕ್ತಹೀನತೆಯಿರುವ ಗರ್ಭಿಣಿಯರು, ರಕ್ತನಾಳದ ಮೂಲಕ ಕೊಡುವ ಕಬ್ಬಿಣ, ಮಾತ್ರೆಯ ಕಬ್ಬಿಣ ಮತ್ತು ಹಿಮೋಗ್ಲೋಬಿನ್ ಪ್ರಮಾಣ.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುತ್ತದೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ: ನಾಲ್ಕು ಭಾಗಗಳಿವೆಯೆಂದು ನಾಲ್ಕನ್ನೂ ಶೋಧಕ್ಕೆ ಹಾಕಿಬಿಡುತ್ತಾರೆ. ಅಧ್ಯಯನವೊಂದು ಹಿಮೋಗ್ಲೋಬಿನ್ ಅಳೆದಿದ್ದರೂ ಅದರ ಶೀರ್ಷಿಕೆಯಲ್ಲಾಗಲಿ ಸಾರಾಂಶದಲ್ಲಾಗಲಿ ಆ ಪದ ಇರಲೇಬೇಕೆಂದೇನಿಲ್ಲ. ಸಾರಾಂಶದಲ್ಲಿ ಬೇರೊಂದು ಫಲಿತಾಂಶವನ್ನು ಮುಂದೆ ಮಾಡಿ, ಇದನ್ನು ಕೋಷ್ಟಕದೊಳಗೆ ಇಟ್ಟಿರಬಹುದು. ಆದ್ದರಿಂದ ಫಲಿತಾಂಶದ ಭಾಗವನ್ನೂ, ಬಹಳ ಸಲ ಹೋಲಿಕೆಯ ಭಾಗವನ್ನೂ ಶೋಧದಿಂದ ಹೊರಗಿಟ್ಟು, ಲೇಖನಗಳನ್ನು ಆರಿಸುವ ಹಂತದಲ್ಲಿ ಮಾತ್ರ ಬಳಸುವುದು ಒಳ್ಳೆಯದು. ಗರ್ಭಧಾರಣೆ, ರಕ್ತಹೀನತೆ, ರಕ್ತನಾಳದ ಮೂಲಕ ಕಬ್ಬಿಣ ಎಂಬ ಮೂರು ಗುಂಪುಗಳು ನಮಗೆ ಸಾಕು.

ಪಬ್‌ಮೆಡ್, ಮೆಡ್‌ಲೈನ್, ಪಿಎಂಸಿ: ಇವೆಲ್ಲ ಒಂದೇ ಅಲ್ಲವೇ?

ಅಲ್ಲ. ಮೆಡ್‌ಲೈನ್ ಎನ್ನುವುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು ಆಯ್ದ ನಿಯತಕಾಲಿಕಗಳ ಲೇಖನಗಳಿಗೆ ವಿಷಯಶೀರ್ಷಿಕೆಗಳನ್ನು ಹಚ್ಚಿ ಇಟ್ಟಿರುವ ದತ್ತಸಂಚಯ. ಪಬ್‌ಮೆಡ್ ಆ ದತ್ತಸಂಚಯವನ್ನೂ, ಅದರ ಜೊತೆಗೆ ಇನ್ನೂ ಶೀರ್ಷಿಕೆ ಹಚ್ಚದ ಹೊಸ ಲೇಖನಗಳನ್ನೂ, ಮೆಡ್‌ಲೈನ್‌ಗೆ ಸೇರದ ಇತರ ದಾಖಲೆಗಳನ್ನೂ ಹುಡುಕಲು 1996ರಲ್ಲಿ ಆರಂಭವಾದ ವ್ಯವಸ್ಥೆ. ಪಿಎಂಸಿ 2000ದಲ್ಲಿ ಶುರುವಾದ ಪೂರ್ಣಪಾಠಗಳ ಸಂಗ್ರಹ. ಪ್ರಬಂಧದ ವಿಧಾನ ಭಾಗದಲ್ಲಿ ಇವುಗಳಲ್ಲಿ ಯಾವುದನ್ನು ಹುಡುಕಿದಿರೋ ಅದರ ಹೆಸರನ್ನೇ ಬರೆಯಬೇಕು.

ಮೆಶ್ ಶೀರ್ಷಿಕೆಗಳು ಎಂದರೇನು? ಅವುಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?

ಒಬ್ಬ ಲೇಖಕ ಹೃದಯಾಘಾತ ಎಂದು ಬರೆಯುತ್ತಾನೆ, ಇನ್ನೊಬ್ಬ ಮಯೊಕಾರ್ಡಿಯಲ್ ಇನ್‌ಫಾರ್ಕ್ಷನ್ ಎನ್ನುತ್ತಾನೆ, ಮತ್ತೊಬ್ಬ ಬರೀ ಎಂ.ಐ. ಎಂದು ಹಾಕುತ್ತಾನೆ. ಮೂವರೂ ಹೇಳುತ್ತಿರುವುದು ಒಂದನ್ನೇ ಎಂದು ಗುರುತಿಸಿ, ಮೂರು ಲೇಖನಗಳಿಗೂ ಒಂದೇ ಶೀರ್ಷಿಕೆಯನ್ನು ಅಂಟಿಸುವ ನಿಯಂತ್ರಿತ ಪದಕೋಶವೇ ಮೆಶ್. 1960ರಲ್ಲಿ ಮೊದಲು ಪ್ರಕಟವಾದ ಇದರಲ್ಲಿ ಈಗ ಸುಮಾರು 30,000 ಮುಖ್ಯ ಶೀರ್ಷಿಕೆಗಳಿವೆ. ಪ್ರತಿ ವರ್ಷವೂ ಇದನ್ನು ಪರಿಷ್ಕರಿಸುತ್ತಾರೆ.

ಇದರ ನಿಜವಾದ ಶಕ್ತಿ ಇರುವುದು ಅದರ ಮರದಂಥ ರಚನೆಯಲ್ಲಿ. ರಕ್ತಹೀನತೆ ಎಂಬ ಕೊಂಬೆಯ ಕೆಳಗೆ ಕಬ್ಬಿಣದ ಕೊರತೆಯ ರಕ್ತಹೀನತೆ, ಕುಡಗೋಲು ಕಣ ರಕ್ತಹೀನತೆ ಮೊದಲಾದ ಕವಲುಗಳಿವೆ. ಮೇಲಿನ ಶೀರ್ಷಿಕೆಯನ್ನು ಹಾಕಿ ಹುಡುಕಿದರೆ ಪಬ್‌ಮೆಡ್ ತಾನಾಗಿಯೇ ಕೆಳಗಿನ ಎಲ್ಲ ಕವಲುಗಳನ್ನೂ ಸೇರಿಸಿಕೊಳ್ಳುತ್ತದೆ. ಇದನ್ನು ಎಕ್ಸ್‌ಪ್ಲೋಡ್ ಮಾಡುವುದು ಎನ್ನುತ್ತಾರೆ. ಮೆಡ್‌ಲೈನ್ ಮೊದಲಾದ ದತ್ತಸಂಚಯಗಳನ್ನು ಹುಡುಕಲು ಇರುವ ಓವಿಡ್ ಎಂಬ ಇನ್ನೊಂದು ವೇದಿಕೆಯಲ್ಲಿ ಹಾಗಲ್ಲ, ಎಕ್ಸ್‌ಪ್ಲೋಡ್ ಬೇಕೆಂದು ನೀವೇ ಹೇಳಬೇಕು. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಪಬ್‌ಮೆಡ್‌ನ ಶೋಧತಂತ್ರವನ್ನು ಓವಿಡ್‌ಗೆ ನಕಲು ಮಾಡಿದವರು ಅರ್ಧದಷ್ಟು ಲೇಖನಗಳನ್ನು ಕಳೆದುಕೊಂಡದ್ದನ್ನು ನಾನು ನೋಡಿದ್ದೇನೆ. ಹೆಚ್ಚಿನ ಸಲ ಕಳೆದುಕೊಂಡಿದ್ದೇವೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಶೀರ್ಷಿಕೆಯ ಪುಟವನ್ನು ತೆರೆದಾಗ ಮೂರು ಸಂಗತಿಗಳನ್ನು ಗಮನಿಸಿ. ಮೊದಲನೆಯದು ವ್ಯಾಖ್ಯೆ, ಹೆಸರು ನೋಡಿ ನಾವು ಊಹಿಸಿದ ಅರ್ಥವೇ ಇರಬೇಕೆಂದಿಲ್ಲ. ಎರಡನೆಯದು ಪರ್ಯಾಯ ಪದಗಳ ಪಟ್ಟಿ. ಸಮಾನಾರ್ಥಕ ಪದಗಳಿಗೆ ಅದೊಂದು ಸಿದ್ಧ ಗಣಿ. ಮೂರನೆಯದು ಶೀರ್ಷಿಕೆ ಯಾವ ವರ್ಷ ಬಂತು ಎಂಬುದು. ಕೋವಿಡ್-19 ಎಂಬುದು ಮುಖ್ಯ ಶೀರ್ಷಿಕೆಯಾದದ್ದು 2021ರ ಮೆಶ್‌ನಲ್ಲಿ. ಏಡ್ಸ್‌ಗೆ ಶೀರ್ಷಿಕೆ ದೊರೆತದ್ದು 1983ರಲ್ಲಿ. ಅದಕ್ಕೂ ಹಿಂದಿನ ಲೇಖನಗಳು ಬೇರೆ ಶೀರ್ಷಿಕೆಗಳ ಅಡಿಯಲ್ಲಿ ಕುಳಿತಿರುತ್ತವೆ.

ಹಾಗಾದರೆ ಮೆಶ್ ಒಂದನ್ನೇ ಬಳಸಿದರೆ ಸಾಲದೇ?

ಸಾಲದು. ಪಬ್‌ಮೆಡ್‌ನಲ್ಲಿರುವ ಎಲ್ಲ ದಾಖಲೆಗಳಿಗೂ ಮೆಶ್ ಶೀರ್ಷಿಕೆ ಇರುವುದಿಲ್ಲ. ಅತ್ಯಂತ ಹೊಸ ಲೇಖನಗಳಿಗಂತೂ ಇಲ್ಲದಿರುವ ಸಾಧ್ಯತೆ ಹೆಚ್ಚು. 2022ರಿಂದ ಶೀರ್ಷಿಕೆ ಹಚ್ಚುವ ಕೆಲಸವನ್ನು ಬಹುಪಾಲು ಕಂಪ್ಯೂಟರ್ ಅಲ್ಗಾರಿದಮ್ ಮಾಡುತ್ತಿದ್ದು, ಆಯ್ದ ಲೇಖನಗಳನ್ನು ಮಾತ್ರ ಮನುಷ್ಯರು ಪರಿಶೀಲಿಸುತ್ತಾರೆ. ಇದರಿಂದ ವೇಗ ಹೆಚ್ಚಿದೆ, ಆದರೆ ತಪ್ಪು ಶೀರ್ಷಿಕೆ ಬಿದ್ದಿರಬಹುದು ಎಂಬ ಎಚ್ಚರವೂ ಬೇಕಾಗಿದೆ. ಪ್ರತಿಯೊಂದು ಪರಿಕಲ್ಪನೆಗೂ ಮೆಶ್ ಶೀರ್ಷಿಕೆಯನ್ನೂ, ಲೇಖನದ ಹೆಸರು ಮತ್ತು ಸಾರಾಂಶಗಳಲ್ಲಿ ಹುಡುಕುವ ಸಾಮಾನ್ಯ ಪದಗಳನ್ನೂ ಆರ್ ಎಂಬ ಜೋಡಣೆಪದದಿಂದ ಸೇರಿಸುವುದೇ ಸರಿಯಾದ ದಾರಿ.

ಸಮಾನಾರ್ಥಕ ಪದಗಳನ್ನು ಎಲ್ಲಿಂದ ಕಲೆಹಾಕಬೇಕು?

ನಿಮ್ಮ ತಲೆಯಿಂದ ಆರಂಭಿಸಿ, ಆದರೆ ಅಲ್ಲಿಗೇ ನಿಲ್ಲಬೇಡಿ. ನಿಮ್ಮ ಪ್ರಶ್ನೆಗೆ ನೇರವಾಗಿ ಹೊಂದುವ ಐದಾರು ಲೇಖನಗಳನ್ನು ಎದುರಿಗಿಟ್ಟುಕೊಂಡು, ಅವುಗಳ ಲೇಖಕರು ಒಂದೊಂದು ಪರಿಕಲ್ಪನೆಗೆ ಯಾವ ಯಾವ ಪದ ಬಳಸಿದ್ದಾರೆ ಎಂದು ಗುರುತು ಹಾಕಿಕೊಳ್ಳಿ. ಇಂಗ್ಲಿಷಿನಲ್ಲಿ ಅನೀಮಿಯ ಎಂಬ ಪದಕ್ಕೆ ಬ್ರಿಟನ್ನಿನ ಕಾಗುಣಿತದಲ್ಲಿ ಒಂದು ಅಕ್ಷರ ಹೆಚ್ಚು, ಅಮೆರಿಕದ್ದರಲ್ಲಿ ಕಡಿಮೆ. ಸಲ್ಫೇಟ್ ಎಂಬುದಕ್ಕೂ ಎರಡು ರೂಪಗಳಿವೆ. ರಕ್ತನಾಳದ ಮೂಲಕ ಎನ್ನುವುದಕ್ಕೆ ಇಂಟ್ರಾವೀನಸ್, ಪೇರೆಂಟರಲ್, ಇನ್‌ಫ್ಯೂಷನ್, ಐ.ವಿ. ಎಂದೆಲ್ಲ ಬರೆಯುತ್ತಾರೆ. ಕೆಲವರು ಕಬ್ಬಿಣ ಎಂಬ ಪದವನ್ನೇ ಬಿಟ್ಟು ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂದು ಔಷಧದ ಹೆಸರನ್ನಷ್ಟೇ ಹೇಳಿರುತ್ತಾರೆ. ಔಷಧದ ಹಳೆಯ ಹೆಸರು, ವ್ಯಾಪಾರೀ ಹೆಸರು, ಪ್ರಯೋಗದ ಹಂತದಲ್ಲಿ ಕಂಪನಿ ಕೊಟ್ಟಿದ್ದ ಸಂಕೇತಸಂಖ್ಯೆ ಇವನ್ನೂ ಮರೆಯಬಾರದು.

ಆ್ಯಂಡ್, ಆರ್, ನಾಟ್ ಇವುಗಳಲ್ಲಿ ಜನ ಸಾಮಾನ್ಯವಾಗಿ ಎಲ್ಲಿ ತಪ್ಪುತ್ತಾರೆ?

ಆರ್ ಎಂಬುದು ಒಂದೇ ಗುಂಪಿನ ಸಮಾನಾರ್ಥಕಗಳನ್ನು ಕೂಡಿಸುತ್ತದೆ, ಆ್ಯಂಡ್ ಬೇರೆ ಬೇರೆ ಗುಂಪುಗಳನ್ನು ಹೆಣೆಯುತ್ತದೆ. ಪಬ್‌ಮೆಡ್ ಇವನ್ನು ಎಡದಿಂದ ಬಲಕ್ಕೆ ಓದುತ್ತಾ ಹೋಗುವುದರಿಂದ, ಗುಂಪುಗಳಿಗೆ ಆವರಣ ಹಾಕದಿದ್ದರೆ ನಿಮ್ಮ ಉದ್ದೇಶ ಒಂದಾಗಿ ಫಲಿತಾಂಶ ಇನ್ನೊಂದಾಗುತ್ತದೆ. ಜೋಡಣೆಪದಗಳನ್ನು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂಬುದೂ ಅಲ್ಲಿನ ನಿಯಮ. ಪ್ರತಿ ಗುಂಪನ್ನೂ ಒಂದೊಂದು ಸಾಲಾಗಿ ಬೇರೆಯಾಗಿ ಓಡಿಸಿ, ಕೊನೆಗೆ ಸಾಲುಗಳ ಸಂಖ್ಯೆಗಳನ್ನು ಕೂಡಿಸಿದರೆ ಆವರಣದ ತಪ್ಪುಗಳು ಬಹುಮಟ್ಟಿಗೆ ತಪ್ಪುತ್ತವೆ. ಯಾವ ಸಾಲಿನಲ್ಲಿ ಎಷ್ಟು ಬಂತು ಎಂಬುದೂ ಕಾಣುತ್ತದೆ.

ನಾಟ್ ಅನ್ನು ಹರಿತವಾದ ಚಾಕುವಿನಂತೆ ನೋಡಬೇಕು. ಪ್ರಾಣಿಗಳ ಮೇಲಿನ ಅಧ್ಯಯನಗಳು ಬೇಡವೆಂದು ನಾಟ್ ಅನಿಮಲ್ಸ್ ಎಂದು ಹಾಕಿದರೆ, ಪ್ರಾಣಿಗಳ ಜೊತೆಗೆ ಮನುಷ್ಯರ ಮೇಲೂ ನಡೆದ ಅಧ್ಯಯನಗಳು ಹೋಗಿಬಿಡುತ್ತವೆ. ಮೆಶ್ ಮರದಲ್ಲಿ ಮನುಷ್ಯನೂ ಪ್ರಾಣಿಗಳ ಕೊಂಬೆಯಡಿಯಲ್ಲೇ ಇರುವುದರಿಂದ, ಎಕ್ಸ್‌ಪ್ಲೋಡ್ ಆಗಿದ್ದರೆ ಮನುಷ್ಯರ ಅಧ್ಯಯನಗಳೆಲ್ಲವೂ ಹೋಗುತ್ತವೆ! ಅದಕ್ಕಾಗಿಯೇ ಅನುಭವಿಗಳು ಎರಡು ಸಲ ನಿರಾಕರಿಸುತ್ತಾರೆ: ಮನುಷ್ಯರು ಎಂಬ ಶೀರ್ಷಿಕೆಯಿಲ್ಲದೆ ಪ್ರಾಣಿಗಳು ಎಂಬ ಶೀರ್ಷಿಕೆ ಮಾತ್ರ ಇರುವ ದಾಖಲೆಗಳನ್ನು ಹೊರಗಿಡು, ಎಂದು ಬರೆಯುತ್ತಾರೆ.

ನಾನು ಟೈಪ್ ಮಾಡಿದ್ದನ್ನೇ ಪಬ್‌ಮೆಡ್ ಹುಡುಕುತ್ತದೆಯೇ?

ಇಲ್ಲ, ಮತ್ತು ಇದನ್ನು ತಿಳಿಯುವುದೇ ಕಲಿಕೆಯ ದೊಡ್ಡ ತಿರುವು. ಗುರುತುಗಳಿಲ್ಲದೆ ಪದಗಳನ್ನು ಹಾಕಿದರೆ ಪಬ್‌ಮೆಡ್ ಅವನ್ನು ತನ್ನ ಪದಕೋಶಗಳೊಂದಿಗೆ ತಾಳೆ ನೋಡಿ, ಮೆಶ್ ಶೀರ್ಷಿಕೆಗಳನ್ನೂ ಬೇರೆ ಬೇರೆ ಕಾಗುಣಿತಗಳನ್ನೂ ತಾನೇ ಸೇರಿಸುತ್ತದೆ. ಅಡ್ವಾನ್ಸ್‌ಡ್ ಪುಟದಲ್ಲಿ ಹಿಂದಿನ ಶೋಧಗಳ ಪಟ್ಟಿಯಿದೆ. ಅಲ್ಲಿ ವಿವರ ಎಂಬುದನ್ನು ಬಿಡಿಸಿದರೆ ನಿಮ್ಮ ಮೂರು ಪದಗಳು ಎಷ್ಟು ಉದ್ದದ ಆಜ್ಞೆಯಾಗಿ ಬದಲಾಗಿವೆ ಎಂಬುದು ಕಾಣುತ್ತದೆ. ಉದ್ಧರಣ ಚಿಹ್ನೆ, ನಕ್ಷತ್ರ ಚಿಹ್ನೆ ಅಥವಾ ಶೀರ್ಷಿಕೆ-ಸಾರಾಂಶ ಎಂಬ ಕ್ಷೇತ್ರಸೂಚಿ ಹಾಕಿದ ಕ್ಷಣ ಈ ಸಹಾಯ ನಿಂತುಹೋಗುತ್ತದೆ. ಅಲ್ಲಿಂದಾಚೆಗೆ ಎರಡೂ ಕಾಗುಣಿತಗಳನ್ನು ನೀವೇ ಬರೆಯಬೇಕು.

ಇನ್ನೊಂದು ಸೂಕ್ಷ್ಮವಿದೆ. ಉದ್ಧರಣ ಚಿಹ್ನೆಯೊಳಗೆ ಹಾಕಿದ ಪದಪುಂಜ ಪಬ್‌ಮೆಡ್‌ನ ಪದಪುಂಜ ಸೂಚಿಯಲ್ಲಿ ಇಲ್ಲದಿದ್ದರೆ, ಅದು ಚಿಹ್ನೆಯನ್ನು ಕಡೆಗಣಿಸಿ ಪದಗಳನ್ನು ಬಿಡಿಬಿಡಿಯಾಗಿ ಹುಡುಕುತ್ತದೆ. ಪರದೆಯ ಮೇಲೆ ಬರುವ ಸಣ್ಣ ಎಚ್ಚರಿಕೆಯನ್ನು ಓದದೆ ಮುಂದೆ ಹೋಗುವವರೇ ಹೆಚ್ಚು.

ನಕ್ಷತ್ರ ಚಿಹ್ನೆ ಮತ್ತು ಸಾಮೀಪ್ಯ ಶೋಧವನ್ನು ಯಾವಾಗ ಬಳಸಬೇಕು?

ಒಂದು ಧಾತುವಿನಿಂದ ಹುಟ್ಟುವ ಹಲವು ರೂಪಗಳನ್ನು ಒಮ್ಮೆಗೇ ಹಿಡಿಯಲು ಪದವನ್ನು ಮೊಟಕುಗೊಳಿಸಿ ನಕ್ಷತ್ರ ಚಿಹ್ನೆ ಹಾಕುತ್ತಾರೆ. ಪ್ರೆಗ್ನನ್ ಎಂಬಲ್ಲಿಗೆ ನಿಲ್ಲಿಸಿದರೆ ಪ್ರೆಗ್ನನ್ಸಿಯೂ ಪ್ರೆಗ್ನಂಟ್ ಕೂಡ ಸಿಗುತ್ತವೆ. ಬಹಳ ಬೇಗ ಕತ್ತರಿಸಿದರೆ ಸಂಬಂಧವಿಲ್ಲದ ಪದಗಳೂ ಒಳನುಗ್ಗುತ್ತವೆ. ಪಬ್‌ಮೆಡ್ ಕನಿಷ್ಠ ನಾಲ್ಕು ಅಕ್ಷರಗಳನ್ನಾದರೂ ಕೇಳುತ್ತದೆ.

ಸಾಮೀಪ್ಯ ಶೋಧದ ಉಪಯೋಗ ನಮ್ಮ ಉದಾಹರಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ಇಂಟ್ರಾವೀನಸ್ ಐರನ್ ಎಂದು ಪದಪುಂಜವಾಗಿ ಹುಡುಕಿದರೆ, ಇಂಟ್ರಾವೀನಸ್ ಲೋ-ಡೋಸ್ ಐರನ್ ಎಂದೋ, ಐರನ್ ಬೈ ಇಂಟ್ರಾವೀನಸ್ ರೂಟ್ ಎಂದೋ ಬರೆದವರ ಲೇಖನಗಳು ತಪ್ಪಿಹೋಗುತ್ತವೆ. ಎರಡು ಪದಗಳನ್ನು ಆ್ಯಂಡ್‌ನಿಂದ ಸೇರಿಸಿದರೆ, ಸಾರಾಂಶದ ಮೊದಲ ಸಾಲಿನಲ್ಲಿ ಒಂದು, ಕೊನೆಯ ಸಾಲಿನಲ್ಲಿ ಇನ್ನೊಂದು ಇರುವ ಸಂಬಂಧವಿಲ್ಲದ ಲೇಖನಗಳೂ ಬರುತ್ತವೆ. ಎರಡರ ನಡುವಿನ ದಾರಿಯೆಂದರೆ, ಈ ಎರಡು ಪದಗಳು ಯಾವ ಕ್ರಮದಲ್ಲಿದ್ದರೂ ಸರಿ, ನಡುವೆ ಮೂರಕ್ಕಿಂತ ಹೆಚ್ಚು ಪದಗಳಿರಬಾರದು ಎಂದು ಕೇಳುವುದು. ಓವಿಡ್, ಎಂಬೇಸ್ ಎಂಬ ಇನ್ನೊಂದು ವೈದ್ಯಕೀಯ ದತ್ತಸಂಚಯ ಮೊದಲಾದವುಗಳಲ್ಲಿ ಈ ಸೌಲಭ್ಯ ಹಿಂದಿನಿಂದಲೂ ಇದೆ. ಪಬ್‌ಮೆಡ್‌ಗೆ ಬಂದದ್ದು 2022ರ ಕೊನೆಯಲ್ಲಿ, ಅದೂ ಶೀರ್ಷಿಕೆ, ಶೀರ್ಷಿಕೆ-ಸಾರಾಂಶ ಮತ್ತು ಲೇಖಕರ ಸಂಸ್ಥೆ ಎಂಬ ಕ್ಷೇತ್ರಗಳಿಗೆ ಮಾತ್ರ, ನಕ್ಷತ್ರ ಚಿಹ್ನೆಯ ಜೊತೆಗಂತೂ ಅದು ಕೆಲಸ ಮಾಡುವುದಿಲ್ಲ. ಎಣಿಕೆಯ ರೀತಿಯೂ ಒಂದೇ ಅಲ್ಲ. ಪಬ್‌ಮೆಡ್‌ನಲ್ಲಿ 3 ಎಂದರೆ ನಡುವೆ ಮೂರು ಪದಗಳವರೆಗೆ ಇರಬಹುದು. ಓವಿಡ್‌ನಲ್ಲಿ 3 ಎಂದರೆ ಎರಡೇ.

ಫಿಲ್ಟರ್‌ಗಳನ್ನು ಒತ್ತಿದರೆ ಕೆಲಸ ಸುಲಭವಾಗುವುದಿಲ್ಲವೇ?

ಆಗುತ್ತದೆ, ಆದರೆ ಕೆಲವೊಮ್ಮೆ ಬಹಳ ದುಬಾರಿಯಾಗುತ್ತದೆ. ಮನುಷ್ಯರ ಅಧ್ಯಯನಗಳು ಮಾತ್ರ ಎಂಬ ಪೆಟ್ಟಿಗೆಯನ್ನು ಒತ್ತಿದ ಕೂಡಲೇ, ಇನ್ನೂ ಮೆಶ್ ಶೀರ್ಷಿಕೆ ಬೀಳದ ಹೊಸ ಲೇಖನಗಳು ಒಂದೂ ಉಳಿಯದಂತೆ ಮಾಯವಾಗುತ್ತವೆ, ಏಕೆಂದರೆ ಆ ಫಿಲ್ಟರ್ ನೋಡುವುದು ಮೆಶ್ ಶೀರ್ಷಿಕೆಯನ್ನು. ವಯಸ್ಸು, ಲಿಂಗ ಎಂಬ ಫಿಲ್ಟರ್‌ಗಳದ್ದೂ ಇದೇ ಕಥೆ. ಇದಕ್ಕಿಂತ, ಪರೀಕ್ಷೆಗೆ ಒಳಪಟ್ಟು ಪ್ರಕಟವಾಗಿರುವ ಶೋಧ ಫಿಲ್ಟರ್‌ಗಳನ್ನು ನಂಬುವುದು ಮೇಲು. ಯಾದೃಚ್ಛಿಕ ಪ್ರಯೋಗಗಳಿಗೆ, ವೈದ್ಯಕೀಯ ಅಧ್ಯಯನಗಳ ವಿಮರ್ಶೆಗಳನ್ನು ಸಿದ್ಧಪಡಿಸುವ ಕಾಕ್ರೇನ್ ಸಂಸ್ಥೆಯ ಹೆಚ್ಚು ಸಂವೇದನೆಯ ಶೋಧತಂತ್ರವಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡ ರೂಪಿಸಿದ ಫಿಲ್ಟರ್‌ಗಳು ಪಬ್‌ಮೆಡ್‌ನ ಕ್ಲಿನಿಕಲ್ ಕ್ವೆರೀಸ್ ವಿಭಾಗದಲ್ಲಿವೆ. ಇಂಗ್ಲಿಷ್ ಮಾತ್ರ ಎಂಬ ಮಿತಿಯನ್ನು ಹಾಕಲೇಬೇಕಾದರೆ ಕೊನೆಯಲ್ಲಿ ಹಾಕಿ, ಅದರಿಂದ ಎಷ್ಟು ಲೇಖನಗಳು ಬಿದ್ದುಹೋದವು ಎಂಬುದನ್ನು ಬರೆದಿಟ್ಟುಕೊಳ್ಳಿ.

ಎಷ್ಟು ದತ್ತಸಂಚಯಗಳಲ್ಲಿ ಹುಡುಕಬೇಕು?

ಪ್ರಶ್ನೆಯನ್ನು ಅವಲಂಬಿಸಿದೆ. ಔಷಧಗಳ ವಿಷಯ, ಯುರೋಪಿನ ನಿಯತಕಾಲಿಕಗಳು, ಸಮ್ಮೇಳನದ ಸಾರಾಂಶಗಳು ಬೇಕಿದ್ದರೆ ಎಂಬೇಸ್, ಶುಶ್ರೂಷೆಗೆ ಸಿನಾಲ್, ಮಾನಸಿಕ ಆರೋಗ್ಯಕ್ಕೆ ಸೈಕ್‌ಇನ್ಫೊ, ಪ್ರಯೋಗಗಳಿಗೆ ಕಾಕ್ರೇನ್‌ನ ಸೆಂಟ್ರಲ್, ಲ್ಯಾಟಿನ್ ಅಮೆರಿಕದ ಬರಹಗಳಿಗೆ ಲಿಲಾಕ್ಸ್. 58 ವ್ಯವಸ್ಥಿತ ವಿಮರ್ಶೆಗಳಲ್ಲಿ (ಒಂದು ಪ್ರಶ್ನೆಯ ಬಗೆಗಿನ ಎಲ್ಲ ಅಧ್ಯಯನಗಳನ್ನು ನಿಗದಿತ ವಿಧಾನದಲ್ಲಿ ಹುಡುಕಿ ಒಟ್ಟಿಗೆ ಪರಿಶೀಲಿಸುವ ಬರಹಗಳಲ್ಲಿ) ಸೇರಿದ್ದ 1,746 ಲೇಖನಗಳು ಎಲ್ಲೆಲ್ಲಿ ಸಿಕ್ಕಿದ್ದವು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಪರಿಶೀಲಿಸಿತು. ಅವುಗಳಲ್ಲಿ ಶೇ 16ರಷ್ಟು ಒಂದೇ ಒಂದು ದತ್ತಸಂಚಯದಲ್ಲಿ ಮಾತ್ರ ದೊರೆತಿದ್ದವು; ಎಂಬೇಸ್, ಮೆಡ್‌ಲೈನ್, ವೆಬ್ ಆಫ್ ಸೈನ್ಸ್ ಮತ್ತು ಗೂಗಲ್ ಸ್ಕಾಲರ್ ನಾಲ್ಕೂ ಸೇರಿದಾಗ ಶೇ 98.3ರಷ್ಟು ಲೇಖನಗಳು ಸಿಕ್ಕಿದ್ದವು.

ಗೂಗಲ್ ಸ್ಕಾಲರ್ ಈ ಪಟ್ಟಿಯಲ್ಲಿ ಇದೆಯೆಂದ ಮಾತ್ರಕ್ಕೆ ಅದೊಂದೇ ಸಾಕೆಂದು ತಿಳಿಯಬಾರದು. ಲಕ್ಷ ಫಲಿತಾಂಶಗಳಿವೆ ಎಂದು ಹೇಳಿದರೂ ಅದು ತೋರಿಸುವುದು ಮೊದಲ 1,000 ಮಾತ್ರ; ಯಾವ ಕ್ರಮದಲ್ಲಿ ತೋರಿಸುತ್ತದೆ ಎಂಬುದನ್ನು ಹೊರಗಿನವರು ಪರಿಶೀಲಿಸಲು ಬರುವುದಿಲ್ಲ. ಅದನ್ನು ಜೊತೆಗಾರನಾಗಿ ಇಟ್ಟುಕೊಳ್ಳಬಹುದು, ಆಧಾರಸ್ತಂಭವಾಗಿ ಅಲ್ಲ.

ಒಂದು ದತ್ತಸಂಚಯದಿಂದ ಇನ್ನೊಂದಕ್ಕೆ ಹೋಗುವಾಗ ಶೋಧತಂತ್ರವನ್ನು ಹೊಸದಾಗಿ ಹೊಂದಿಸಬೇಕಾಗುತ್ತದೆ. ಎಂಬೇಸ್‌ನ ಪದಕೋಶ ಎಂಟ್ರೀ, ಮೆಶ್ ಅಲ್ಲ, ಚಿಹ್ನೆಗಳೂ ಬೇರೆ. ಸಾಮಾನ್ಯ ಪದಗಳ ಪಟ್ಟಿಯನ್ನು ಹಾಗೆಯೇ ಒಯ್ಯಬಹುದು, ಶೀರ್ಷಿಕೆಗಳನ್ನು ಅಲ್ಲಿನ ಮರದಲ್ಲಿ ಹೊಸದಾಗಿ ಹುಡುಕಿಕೊಳ್ಳಬೇಕು.

ಸಾವಿರಾರು ಫಲಿತಾಂಶಗಳು ಬಂದವು. ತಪ್ಪು ಮಾಡಿದ್ದೇನೆಯೇ?

ಇರಲಾರದು. ವ್ಯವಸ್ಥಿತ ವಿಮರ್ಶೆಗೆ ಕೆಲವು ಸಾವಿರ ದಾಖಲೆಗಳ ಶೀರ್ಷಿಕೆಗಳನ್ನು ಓದುವುದು ಸಾಮಾನ್ಯ. ಹೆಚ್ಚು ಹಿಡಿಯಬೇಕೆಂದರೆ ಬೇಡದ್ದೂ ಬಲೆಗೆ ಬೀಳುತ್ತದೆ. ಬೇಡದ್ದು ಬರಲೇಬಾರದೆಂದರೆ ಬೇಕಾದದ್ದೂ ತಪ್ಪಿಸಿಕೊಳ್ಳುತ್ತದೆ. ರೋಗಿ ಎದುರಿಗಿದ್ದು ಹತ್ತು ನಿಮಿಷದಲ್ಲಿ ಉತ್ತರ ಬೇಕಾದ ವೈದ್ಯರಿಗೆ ಬಿಗಿಯಾದ ಶೋಧವೇ ಸರಿ, ವಿಮರ್ಶೆ ಬರೆಯುವವರಿಗೆ ಸಡಿಲವಾದದ್ದು ಸರಿ. ಸಂಖ್ಯೆ ಕೈಮೀರಿದರೆ ಒಂದೊಂದೇ ಸಾಲನ್ನು ತೆಗೆದು ನೋಡಿ: ಬಹುತೇಕ ಒಂದೇ ಒಂದು ಅತಿ ಸಾಮಾನ್ಯ ಪದ ಎಲ್ಲ ಗದ್ದಲಕ್ಕೂ ಕಾರಣವಾಗಿರುತ್ತದೆ.

ನನ್ನ ಶೋಧತಂತ್ರ ಚೆನ್ನಾಗಿದೆ ಎಂದು ಹೇಗೆ ತಿಳಿಯುವುದು?

ಎಲ್ಲರೂ ಕೇಳಬೇಕಾದ, ಆದರೆ ಅಪರೂಪಕ್ಕೆ ಕೇಳುವ ಪ್ರಶ್ನೆಯಿದು. ಪ್ರಯೋಗಶಾಲೆಯ ಪರೀಕ್ಷೆಗೆ ನಿಯಂತ್ರಣ ಮಾದರಿ ಇಡುವವರೇ ಶೋಧಕ್ಕೆ ಅಂಥದ್ದೇನೂ ಬೇಡವೆಂದು ಭಾವಿಸುವುದು ನನಗೆ ಯಾವಾಗಲೂ ವಿಚಿತ್ರವಾಗಿ ಕಾಣುತ್ತದೆ.

ವಿಧಾನ ಸರಳವಾಗಿದೆ. ಖಂಡಿತವಾಗಿ ಸಿಗಲೇಬೇಕಾದ ಹತ್ತು ಹದಿನೈದು ಲೇಖನಗಳ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ. ಹಳೆಯ ವಿಮರ್ಶೆಗಳ ಉಲ್ಲೇಖಗಳಿಂದ, ವಿಷಯತಜ್ಞರಿಂದ ಅವನ್ನು ಪಡೆಯಬಹುದು. ಪದಗಳನ್ನು ಆರಿಸಲು ಬಳಸಿದ ಲೇಖನಗಳೇ ಈ ಪಟ್ಟಿಯಲ್ಲೂ ಇರಬಾರದು; ಇದ್ದರೆ ಪ್ರಶ್ನೆಪತ್ರಿಕೆಯನ್ನು ಮೊದಲೇ ನೋಡಿ ಪರೀಕ್ಷೆ ಬರೆದಂತೆ. ಅವುಗಳ ಪಿಎಂಐಡಿ ಸಂಖ್ಯೆಗಳನ್ನು (ಪಬ್‌ಮೆಡ್ ಪ್ರತಿ ದಾಖಲೆಗೂ ಕೊಡುವ ಗುರುತುಸಂಖ್ಯೆಗಳನ್ನು) ಆರ್‌ನಿಂದ ಸೇರಿಸಿ ಒಂದು ಸಾಲು ಮಾಡಿ, ಆ ಸಾಲಿನಿಂದ ನಿಮ್ಮ ಅಂತಿಮ ಶೋಧವನ್ನು ನಾಟ್ ಹಾಕಿ ಕಳೆಯಿರಿ. ಉಳಿದವು ನಿಮ್ಮ ಶೋಧ ತಪ್ಪಿಸಿಕೊಂಡ ಲೇಖನಗಳು. ಒಂದೊಂದನ್ನೂ ತೆರೆದು ಏಕೆ ತಪ್ಪಿತು ಎಂದು ನೋಡಿ. ನಮ್ಮ ಉದಾಹರಣೆಯಲ್ಲಿ ತಪ್ಪುವ ಲೇಖನಕ್ಕೆ ಸಾರಾಂಶವೇ ಇಲ್ಲದಿರಬಹುದು, ಅಥವಾ ರಕ್ತಹೀನತೆ ಎನ್ನದೆ ಹಿಮೋಗ್ಲೋಬಿನ್ ಕಡಿಮೆಯಿರುವ ತಾಯಂದಿರು ಎಂದು ಬರೆದಿರಬಹುದು. ಪದ ಸೇರಿಸಿ, ಮತ್ತೆ ಓಡಿಸಿ. ಮೂರು ನಾಲ್ಕು ಸುತ್ತಿನಲ್ಲಿ ಶೋಧತಂತ್ರ ಹದಕ್ಕೆ ಬರುತ್ತದೆ.

ಇದರ ಜೊತೆಗೆ ಇನ್ನೊಬ್ಬರ ಕಣ್ಣು ಬೇಕು. ಪ್ರೆಸ್ ಎಂಬ ಮಾರ್ಗಸೂಚಿ, 2015ರಲ್ಲಿ ಪರಿಷ್ಕೃತವಾದದ್ದು, ಪ್ರಶ್ನೆಯನ್ನು ಶೋಧಕ್ಕೆ ಇಳಿಸಿದ ರೀತಿ, ಜೋಡಣೆಪದಗಳು, ವಿಷಯಶೀರ್ಷಿಕೆಗಳು, ಸಾಮಾನ್ಯ ಪದಗಳು, ಕಾಗುಣಿತ ಮತ್ತು ಸಾಲುಸಂಖ್ಯೆಗಳು, ಮಿತಿಗಳು ಎಂಬ ಆರು ಅಂಶಗಳಡಿ ಶೋಧತಂತ್ರವನ್ನು ಪರಿಶೀಲಿಸಲು ಹೇಳುತ್ತದೆ. ಹುಡುಕುವ ಮೊದಲೇ ಇದು ಆಗಬೇಕು. ಎರಡು ಸಾವಿರ ಶೀರ್ಷಿಕೆಗಳನ್ನು ಓದಿದ ಮೇಲೆ ಆವರಣ ತಪ್ಪಾಗಿತ್ತೆಂದು ತಿಳಿಯುವುದು ಯಾರಿಗೂ ಬೇಡದ ಅನುಭವ.

ಉಲ್ಲೇಖಗಳ ಜಾಡು ಹಿಡಿಯುವುದರಿಂದ ಏನು ಲಾಭ?

ಒಳ್ಳೆಯ ಲೇಖನದ ಉಲ್ಲೇಖಪಟ್ಟಿಯಿಂದ ಹಿಂದಕ್ಕೂ, ಅದನ್ನು ಅನಂತರ ಯಾರು ಉಲ್ಲೇಖಿಸಿದರು ಎಂಬುದರಿಂದ ಮುಂದಕ್ಕೂ ಹೋಗಬಹುದು. ಇದು ಪದಗಳನ್ನು ಅವಲಂಬಿಸದ ದಾರಿ, ಆದ್ದರಿಂದ ಪದಗಳಿಂದ ತಪ್ಪಿಸಿಕೊಂಡದ್ದು ಇಲ್ಲಿ ಸಿಗುತ್ತದೆ. ಆರೋಗ್ಯ ಸೇವೆಗಳಲ್ಲಿ ಹೊಸ ಪದ್ಧತಿಗಳು ಹರಡುವ ಬಗೆಯ ಕುರಿತ ದೊಡ್ಡ ವಿಮರ್ಶೆಯೊಂದರ ಮೂಲಗಳು ಎಲ್ಲಿಂದ ಬಂದವೆಂದು 2005ರಲ್ಲಿ ಅದರ ಲೇಖಕರು ಲೆಕ್ಕ ಹಾಕಿದಾಗ, ಮೊದಲೇ ನಿಗದಿಪಡಿಸಿದ ಶೋಧದಿಂದ ಬಂದವು ಶೇ 30 ಮಾತ್ರ, ಜಾಡು ಹಿಡಿದು ಸಿಕ್ಕವು ಶೇ 51. ಔಷಧ ಪ್ರಯೋಗಗಳಂಥ ಸ್ಪಷ್ಟ ವಿಷಯಗಳಲ್ಲಿ ಅಂತರ ಇಷ್ಟಿರುವುದಿಲ್ಲ. ಪರಿಭಾಷೆ ಇನ್ನೂ ನೆಲೆಗೊಳ್ಳದ ವಿಷಯಗಳಲ್ಲಿ ಈ ದಾರಿಯನ್ನು ಬಿಡುವಂತಿಲ್ಲ.

ಪ್ರಕಟವಾಗದ ಅಧ್ಯಯನಗಳನ್ನೂ ಹುಡುಕಬೇಕೇ?

ಚಿಕಿತ್ಸೆಯ ಪರಿಣಾಮದ ಬಗ್ಗೆ ತೀರ್ಮಾನ ಹೇಳುವುದಾದರೆ, ಹೌದು. ಖಿನ್ನತೆಯ ಔಷಧಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಲ್ಲಿ ನೋಂದಣಿಯಾಗಿದ್ದ 74 ಅಧ್ಯಯನಗಳನ್ನು 2008ರಲ್ಲಿ ಪ್ರಕಟಿತ ಲೇಖನಗಳೊಂದಿಗೆ ಹೋಲಿಸಲಾಯಿತು. ಅನುಕೂಲಕರವೆಂದು ಎಫ್‌ಡಿಎ ಪರಿಗಣಿಸಿದ್ದ 38ರಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ 22 ಪ್ರಕಟವೇ ಆಗಿರಲಿಲ್ಲ, 11 ಅನುಕೂಲಕರವೆಂಬಂತೆ ಬರೆಯಲ್ಪಟ್ಟಿದ್ದವು, ಇದ್ದದ್ದನ್ನು ಇದ್ದಂತೆ ಹೇಳಿದವು ಮೂರೇ. ಪ್ರಕಟಿತ ಲೇಖನಗಳನ್ನಷ್ಟೇ ಹುಡುಕಿದವರಿಗೆ ಆ ಔಷಧಗಳು ಇದ್ದದ್ದಕ್ಕಿಂತ ಬಹಳ ಒಳ್ಳೆಯವಾಗಿ ಕಂಡಿದ್ದರೆ ಅದು ಅವರ ಓದಿನ ತಪ್ಪಲ್ಲ.

2000ದಲ್ಲಿ ಆರಂಭವಾದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಐಸಿಟಿಆರ್‌ಪಿ ಎಂಬ ಎರಡು ತಾಣಗಳಲ್ಲಿ ನೋಂದಾಯಿತ ಪ್ರಯೋಗಗಳನ್ನು ನೋಡಬಹುದು. ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು 2005ರಿಂದ ನೋಂದಣಿಯನ್ನು ಪ್ರಕಟಣೆಗೆ ಷರತ್ತಾಗಿಸಿದ ಮೇಲೆ ಈ ದಾಖಲೆಗಳು ಬಹಳ ಉಪಯುಕ್ತವಾಗಿವೆ. ಇವುಗಳ ಹುಡುಕುವ ವ್ಯವಸ್ಥೆ ಸರಳವಾದದ್ದು. ಉದ್ದದ ಶೋಧತಂತ್ರವನ್ನು ಅಂಟಿಸದೆ ಚಿಕಿತ್ಸೆಯ ಹೆಸರು, ರೋಗದ ಹೆಸರು ಇವೆರಡನ್ನೇ ಕೊಡಿ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಈ ಕೆಲಸವನ್ನೆಲ್ಲ ಮಾಡಿಕೊಡುವುದಿಲ್ಲವೇ?

ಸಮಾನಾರ್ಥಕ ಪದಗಳನ್ನು ನೆನಪಿಸಲು, ಪ್ರಶ್ನೆಯನ್ನು ಒಡೆಯಲು, ಒಂದು ಕಚ್ಚಾ ಶೋಧತಂತ್ರ ಬರೆಯಲು ಅದು ನೆರವಾಗುತ್ತದೆ. ಆದರೆ ಇಲ್ಲದ ಮೆಶ್ ಶೀರ್ಷಿಕೆಯನ್ನು ಇರುವಂತೆಯೇ ಬರೆದುಬಿಡುತ್ತದೆ, ಇಲ್ಲದ ಲೇಖನಗಳ ಉಲ್ಲೇಖಗಳನ್ನೂ ಕೊಡುತ್ತದೆ. ಅದೇ ಪ್ರಶ್ನೆಯನ್ನು ನಾಳೆ ಕೇಳಿದರೆ ಬೇರೆ ಉತ್ತರ ಬರಬಹುದು. ಬೇರೊಬ್ಬರು ಮರಳಿ ಮಾಡಿ ನೋಡಲಾಗದ ಶೋಧವನ್ನು ವಿಧಾನ ಭಾಗದಲ್ಲಿ ಬರೆಯುವುದಾದರೂ ಹೇಗೆ? ಅದು ಕೊಟ್ಟ ಪ್ರತಿಯೊಂದು ಶೀರ್ಷಿಕೆಯನ್ನೂ ಮೆಶ್ ಪುಟದಲ್ಲಿ, ಪ್ರತಿಯೊಂದು ಉಲ್ಲೇಖವನ್ನೂ ಪಬ್‌ಮೆಡ್‌ನಲ್ಲಿ ತಾಳೆ ನೋಡುವ ತಾಳ್ಮೆಯಿದ್ದರೆ ಬಳಸಿ.

ಏನನ್ನೆಲ್ಲ ಬರೆದಿಟ್ಟುಕೊಳ್ಳಬೇಕು?

ದತ್ತಸಂಚಯದ ಹೆಸರು, ಅದನ್ನು ಬಳಸಿದ ವೇದಿಕೆ, ಹುಡುಕಿದ ದಿನಾಂಕ, ಪ್ರತಿ ಸಾಲನ್ನೂ ಇದ್ದಂತೆಯೇ, ಪ್ರತಿ ಸಾಲಿಗೆ ಬಂದ ಸಂಖ್ಯೆ, ಹಾಕಿದ ಮಿತಿಗಳು, ಪುನರಾವರ್ತನೆಗಳನ್ನು ತೆಗೆಯುವ ಮೊದಲಿನ ಮತ್ತು ನಂತರದ ಲೆಕ್ಕ. 2021ರ ಪ್ರಿಸ್ಮಾ-ಎಸ್ ಎಂಬ ಪಟ್ಟಿಯಲ್ಲಿ ಇಂಥ 16 ಅಂಶಗಳಿವೆ. ಶೋಧತಂತ್ರವನ್ನು ಮತ್ತೆ ಟೈಪ್ ಮಾಡಬೇಡಿ, ನಕಲಿಸಿ ಅಂಟಿಸಿ. ಟೈಪ್ ಮಾಡುವಾಗ ಒಂದು ಆವರಣ ಬಿದ್ದುಹೋದರೂ ಓದುಗರಿಗೆ ಬೇರೆಯೇ ಸಂಖ್ಯೆ ಬರುತ್ತದೆ. ಉಲ್ಲೇಖಗಳನ್ನು ಇಡಲು ಜೊಟೆರೊ ಉಚಿತ. ಇಬ್ಬರು ಸೇರಿ ಲೇಖನಗಳನ್ನು ಆರಿಸಲು ರಯ್ಯಾನ್, ಕೋವಿಡೆನ್ಸ್ ಮೊದಲಾದವು ಇವೆ.

ಪೂರ್ಣಪಾಠಕ್ಕೆ ಹಣ ಕೇಳಿದರೆ ಏನು ಮಾಡಬೇಕು?

ಪಿಎಂಸಿಯಲ್ಲಿ ನೋಡಿ, ಅನ್‌ಪೇವಾಲ್ ಎಂಬ ಬ್ರೌಸರ್ ಸಾಧನವನ್ನು ಹಾಕಿಕೊಳ್ಳಿ, ಗ್ರಂಥಾಲಯದ ಮೂಲಕ ತರಿಸಿ, ಲೇಖಕರಿಗೆ ನೇರವಾಗಿ ಬರೆಯಿರಿ. ಕೇಳಿದರೆ ಕೊಡುವ ಲೇಖಕರೇ ಹೆಚ್ಚು.

ಇದನ್ನು ಕಲಿಯಲು ಎಷ್ಟು ಸಮಯ ಬೇಕು?

ನಿಯಮಗಳನ್ನು ಎರಡು ದಿನಗಳಲ್ಲಿ ಓದಿ ಮುಗಿಸಬಹುದು. ಕೈ ಪಳಗಲು ನಿಮ್ಮದೇ ಪ್ರಶ್ನೆಯೊಂದನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಹುಡುಕಬೇಕು. ಪ್ರಕಟಿತ ಕಾಕ್ರೇನ್ ವಿಮರ್ಶೆಯೊಂದರ ಅನುಬಂಧದಲ್ಲಿರುವ ಶೋಧತಂತ್ರವನ್ನು ಸಾಲುಸಾಲಾಗಿ ಓಡಿಸಿ, ಪ್ರತಿ ಸಾಲು ಅಲ್ಲಿ ಏಕಿದೆ ಎಂದು ಕೇಳಿಕೊಳ್ಳುವುದು ನನಗೆ ಗೊತ್ತಿರುವ ಅತ್ಯುತ್ತಮ ಅಭ್ಯಾಸ. ವೈದ್ಯಕೀಯ ಗ್ರಂಥಪಾಲಕರು ಹತ್ತಿರದಲ್ಲಿದ್ದರೆ ಮೊದಲ ದಿನವೇ ಅವರ ಬಳಿಗೆ ಹೋಗಿ. ಕೆಲಸವೆಲ್ಲ ಮುಗಿದ ಮೇಲೆ ಸಹಿ ಹಾಕಿಸಲು ಹೋಗಬೇಡಿ.

ಹುಡುಕಿ ಒಂದು ವರ್ಷವಾಯಿತು, ಪ್ರಬಂಧ ಈಗ ಸಿದ್ಧವಾಗಿದೆ. ಹಾಗೆಯೇ ಕಳುಹಿಸಬಹುದೇ?

ಮತ್ತೊಮ್ಮೆ ಹುಡುಕಿ ಕಳುಹಿಸಿ. ಪ್ರಕಟಣೆಗೆ ಹಿಂದಿನ 12 ತಿಂಗಳ ಒಳಗೆ ಶೋಧವನ್ನು ನವೀಕರಿಸಿರಬೇಕೆಂದು ಕಾಕ್ರೇನ್ ಅಪೇಕ್ಷಿಸುತ್ತದೆ. ಶೋಧತಂತ್ರವನ್ನು ಪಬ್‌ಮೆಡ್‌ನ ನಿಮ್ಮ ಖಾತೆಯಲ್ಲಿ ಉಳಿಸಿ ಎಚ್ಚರಿಕೆ ಹಾಕಿಟ್ಟಿದ್ದರೆ ಹೊಸ ಲೇಖನಗಳು ಇಮೇಲ್‌ಗೆ ಬರುತ್ತಿರುತ್ತವೆ. ಆದರೂ ಕೊನೆಯ ಸುತ್ತನ್ನು ಕೈಯಾರೆ ಓಡಿಸುವುದು ಲೇಸು. ಆ ಹೊತ್ತಿನಲ್ಲಿ ಮೊದಲೇ ಆರಿಸಿಕೊಂಡ ಲೇಖನಗಳಲ್ಲಿ ಯಾವುದಾದರೂ ಹಿಂತೆಗೆಯಲ್ಪಟ್ಟಿದೆಯೇ ಎಂದೂ ನೋಡಬೇಕು. ಎಂಎಂಆರ್ (ದಡಾರ, ಮಂಗಬಾವು, ರುಬೆಲ್ಲಾ) ಲಸಿಕೆಯನ್ನು ಆಟಿಸಂಗೆ ತಳುಕು ಹಾಕಿದ 1998ರ ಲ್ಯಾನ್ಸೆಟ್ ಲೇಖನ ಹಿಂತೆಗೆಯಲ್ಪಟ್ಟದ್ದು 2010ರಲ್ಲಿ, ಪ್ರಕಟವಾಗಿ ಹನ್ನೆರಡು ವರ್ಷಗಳ ಮೇಲೆ. ಪಬ್‌ಮೆಡ್ ಇಂಥ ದಾಖಲೆಯ ಮೇಲೆ ಎದ್ದು ಕಾಣುವ ಸೂಚನೆ ಹಾಕುತ್ತದೆ, ಜೊಟೆರೊ ನಿಮ್ಮ ಸಂಗ್ರಹದಲ್ಲಿರುವ ಪ್ರತಿಯ ಮೇಲೂ ಎಚ್ಚರಿಸುತ್ತದೆ. ಆದರೆ ಕಳೆದ ವರ್ಷ ಇಳಿಸಿಕೊಂಡು ಮುದ್ರಿಸಿಟ್ಟ ಪಿಡಿಎಫ್ ಮೇಲೆ ಆ ಸೂಚನೆ ಬರುವುದಿಲ್ಲ.